ಭಟ್ಟರ ಎರಡು ಪೆಟ್ಟಿಗೆ, ಗೋಪಾಲಕೃಷ್ಣನ ಒಂದು ಡಬ್ಬ

ನಮ್ಮ ಬ್ಯಾಂಕಿನ ಅಕೌಂಟೆಂಟ್ ಮಹಾಬಲೇಶ್ವರ ಭಟ್ಟರು ಕುಮಟಾದವರು. ವರ್ಗವಾಗಿ ವಿಜಯವಾಡಕ್ಕೆ ಬಂದಾಗ ಪಾತ್ರೆಪಗಡೆಗಳನ್ನು ಲಾರಿಗೆ ಹಾಕಿದರು, ಆಂಪ್ಲಿಫೈಯರುಗಳನ್ನು ಮಾತ್ರ ರೈಲಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಬಂದರು. ಎರಡು ಪೆಟ್ಟಿಗೆ. ಒಂದು ದನಿಯನ್ನು ತಿದ್ದಿ ಕೊಡುತ್ತದೆ, ಇನ್ನೊಂದು ಅದಕ್ಕೆ ಬಲ ತುಂಬಿ ಸ್ಪೀಕರಿಗೆ ಕಳಿಸುತ್ತದೆ. "ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ ಇರಬೇಕು ಮಾರಾಯ" ಎನ್ನುವುದು ಅವರ ಸಿದ್ಧಾಂತ.

ಭವಾನಿಪುರಂನ ಅವರ ಬಾಡಿಗೆ ಮನೆಯಲ್ಲಿ ಭಾನುವಾರ ಸಂಜೆ ನಾವು ಕನ್ನಡದವರೆಲ್ಲ ಸೇರುತ್ತಿದ್ದೆವು. ಮೂರ್ನಾಲ್ಕು ಸಂಸಾರ, ಜೊತೆಗೆ ಮದುವೆಯಾಗದ ಗುಮಾಸ್ತ ನಾನೊಬ್ಬ. ಹಿಂದೂಸ್ತಾನಿ ಹಾಡು ಶುರುವಾದರೆ ಕೆಮ್ಮುವಂತಿಲ್ಲ. ಯಾರಾದರೂ ಪಿಸುಗುಟ್ಟಿದರೆ ಭಟ್ಟರ ತೋರುಬೆರಳು ಮೇಲೇಳುತ್ತಿತ್ತು. ಬ್ಯಾಂಕಿನಲ್ಲಿ ಮ್ಯಾನೇಜರರಿಂದಲೂ ಗಿರಾಕಿಗಳಿಂದಲೂ ಬೈಸಿಕೊಳ್ಳುವ ಮನುಷ್ಯನಿಗೆ ಆ ಭಾನುವಾರವೇ ಪ್ರಾಣ. ಅದು ಅವರ ದರ್ಬಾರು.

೨೦೦೪ರಲ್ಲಿ ಮೈಸೂರಿನ ಗೋಪಾಲಕೃಷ್ಣ ನಮ್ಮ ಶಾಖೆಗೆ ಬಂದ. ಅವನ ಬಳಿ ಇದ್ದದ್ದು ರಿಸೀವರು: ರೇಡಿಯೋ, ಆಂಪ್ಲಿಫೈಯರು, ಸಿನಿಮಾ ಶಬ್ದವನ್ನು ಕೋಣೆಯ ಸುತ್ತ ಹಂಚುವ ಯಂತ್ರ, ಎಲ್ಲ ಒಂದೇ ಡಬ್ಬದಲ್ಲಿ. ಐದು ಸ್ಪೀಕರು, ಮೂಲೆಯಲ್ಲೊಂದು ಗುಡುಗುವ ಪೆಟ್ಟಿಗೆ.

"ಅನ್ನ, ಸಾರು, ಪಾಯಸ ಎಲ್ಲ ಒಂದೇ ಪಾತ್ರೆಯಲ್ಲಿ ಕಲಸಿದ ಹಾಗೆ. ಅದನ್ನು ಎಂತ ಕೇಳ್ತಾರೋ!" ಎಂದು ಭಟ್ಟರು ಮೂಗು ಮುರಿದರು. ಆದರೆ ಭಾನುವಾರ ಜನ ಒಬ್ಬೊಬ್ಬರಾಗಿ ಗೋಪಾಲಕೃಷ್ಣನ ಮನೆಯತ್ತ ಜಾರಿದರು. ಕೊನೆಗೆ ಅವರ ಹೆಂಡತಿ ಕಮಲಾಕ್ಷಿಯೂ ಚಕ್ಕುಲಿ ಡಬ್ಬಿ ಹಿಡಿದು ಹೊರಟರು. ಭಟ್ಟರ ಹೊಟ್ಟೆಗೆ ಬೆಂಕಿ ಬಿತ್ತು. ಗೋಪಾಲಕೃಷ್ಣ ರಜೆ ಕೇಳಿದರೆ ಇಲ್ಲ, ನಮಸ್ಕಾರ ಹೇಳಿದರೆ ಮುಖ ಆ ಕಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಭಟ್ಟರು ತಮ್ಮ ಪೆಟ್ಟಿಗೆಗಳೇ ಡೊಂಕು ಎಂದು ತೀರ್ಮಾನಿಸಿದರು.

ಆ ಮಳೆಗಾಲ ಭಟ್ಟರಿಗೂ ನನಗೂ ವಿಶಾಖಪಟ್ಟಣದಲ್ಲಿ ತರಬೇತಿ ಬಿತ್ತು. ಸಂಜೆ ಎಲ್ಲರೂ ಸಮುದ್ರ ನೋಡಲು ಹೋದರು. ಭಟ್ಟರು ನನ್ನನ್ನು ರಾಮಮೋಹನ್ ಎಂಬವನ ಸ್ಪೀಕರು, ಆಂಪ್ಲಿಫೈಯರುಗಳ ಅಂಗಡಿಗೆ ಎಳೆದುಕೊಂಡು ಹೋದರು.

"ಸಂಗೀತಾನಿಕಾ, ಸಿನಿಮಾಕಾ ಸಾರ್?" ಎಂದು ಅವನು ಕೇಳಿದ. ಸಂಗೀತಕ್ಕಾದರೆ ನಿಮ್ಮ ಬಳಿ ಇರುವುದೇ ಸಾಕು, ಬದಲಿಸಬೇಡಿ ಎಂದೂ ಹೇಳಿದ ಪುಣ್ಯಾತ್ಮ.

"ಗೋಪಾಲಕೃಷ್ಣನ ಹತ್ತಿರ ಇರೋದಕ್ಕಿಂತ ದೊಡ್ಡದು ಕೊಡು" ಎಂದರು ಭಟ್ಟರು, ಗೋಪಾಲಕೃಷ್ಣ ಆಂಧ್ರಕ್ಕೆಲ್ಲ ಗೊತ್ತಿರುವವನಂತೆ.

ಹಳೆಯ ಪೆಟ್ಟಿಗೆಗಳು ಮಂಚದಡಿ ಸೇರಿದವು. ಹೊಸ ರಿಸೀವರಿನ ಮೊದಲ ಭಾನುವಾರ ಎಲ್ಲರೂ ಬಂದರು. ಐದು ದಿಕ್ಕಿನಿಂದಲೂ ಶಬ್ದ ಬಂತು, ತೋರುಬೆರಳೂ ಎದ್ದಿತು. ಮುಂದಿನ ಭಾನುವಾರ ಬಂದವನು ನಾನೊಬ್ಬನೇ, ಅದೂ ಮೇಲಧಿಕಾರಿ ಕರೆದರೆಂದು.

"ಏಳು ಸ್ಪೀಕರಿನದು ತರಬೇಕಿತ್ತು" ಎಂದರು ಭಟ್ಟರು.

ಚಕ್ಕುಲಿ ಡಬ್ಬಿ ಹಿಡಿದು ಹೊಸ್ತಿಲಲ್ಲಿದ್ದ ಕಮಲಾಕ್ಷಿ ತಿರುಗಿ ನಿಂತರು. "ವಾರವಿಡೀ ತೆಲುಗು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿರ್ತದೆ. ಒಂದು ದಿನ ಬಾಯ್ತುಂಬ ಕನ್ನಡ ಮಾತಾಡುವಾ ಅಂತ ಬಂದವರ ಬಾಯಿಗೆ ನೀವು ಬೀಗ ಹಾಕ್ತೀರಿ. ಜನ ಮತ್ತೆಂತಕ್ಕೆ ಬರಬೇಕು?" ಎಂದವರೇ ಹೊರಟುಹೋದರು.

ಭಟ್ಟರು ನಂಬಲಿಲ್ಲ. ಸ್ವಲ್ಪ ಹೊತ್ತು ಚಡಪಡಿಸಿ, "ನಡಿ, ಅಲ್ಲಿ ಎಂಥಾ ಶಬ್ದ ಬರ್ತದೆ ನೋಡಿಯೇ ಬಿಡುವಾ" ಎಂದು ಎದ್ದರು.

ಗೋಪಾಲಕೃಷ್ಣನ ಮನೆಯ ಗದ್ದಲ ಬೀದಿಗೇ ಕೇಳುತ್ತಿತ್ತು. ದಾವಣಗೆರೆಯವರು ತಮ್ಮೂರ ಮಿರ್ಚಿಯನ್ನು ಹೊಗಳುತ್ತಿದ್ದರು, ಮಂಗಳೂರಿನವರು ಜಗಳಕ್ಕೇ ನಿಂತಿದ್ದರು. ರಿಸೀವರಿನ ಮೇಲೆ ಟವೆಲು ಹಾಸಿ ಚಕ್ಕುಲಿ ತಟ್ಟೆ ಇಟ್ಟಿದ್ದರು.

"ಬನ್ನಿ ಸಾರ್, ಬನ್ನಿ!" ಗೋಪಾಲಕೃಷ್ಣ ಓಡಿಬಂದ. "ಹಾಡು ಹಾಕೋಣ ಅಂದ್ರೆ ಅದು ಕೆಟ್ಟು ತಿಂಗಳಾಯ್ತು. ರಿಪೇರಿಗೆ ಕೊಡೋಣ ಅಂದ್ಕೊಂಡೆ, ಯಾರೂ ಕೇಳ್ಲೇ ಇಲ್ಲ ನೋಡಿ."

ಭಟ್ಟರು ಗೋಡೆಗೊರಗಿ ಕೂತರು. ಎದುರಿನ ಮೂಲೆಯಲ್ಲಿ ಕಮಲಾಕ್ಷಿ ಕುಮಟಾದ ಮೀನುಪೇಟೆಯ ಹೆಂಗಸರ ಚೌಕಾಸಿಯನ್ನು ಅಭಿನಯಿಸಿ ತೋರಿಸುತ್ತಿದ್ದರು. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂದಿತ್ತು. ಆಕೆಗೆ ಅಭಿನಯ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ವಾಪಸು ಬರುವಾಗ ಕಮಲಾಕ್ಷಿ ಮುಂದೆ ನಡೆಯುತ್ತಿದ್ದರು. ಭಟ್ಟರು ನನ್ನ ತೋಳು ಹಿಡಿದು ನಿಲ್ಲಿಸಿದರು. ಡಬ್ಬದ ಹೊಟ್ಟೆಕಿಚ್ಚಾದರೆ ಅಂಗಡಿಗೆ ಹೋಗಿ ತೀರಿಸಿಕೊಂಡಿದ್ದರು. ಇದಕ್ಕೆ ಯಾವ ಅಂಗಡಿಗೆ ಹೋಗಬೇಕೆಂದು ಅವರಿಗೆ ಗೊತ್ತಿರಲಿಲ್ಲ.

"ನಮ್ಮ ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನೀನು ಯಾವತ್ತಾದರೂ ಕೇಳಿದ್ದೀಯಾ?" ಎಂದರು.