ನಲವತ್ತೊಂದನೆಯ ಮತ

ಆ ಶುಕ್ರವಾರ ಗ್ಲೆನಿಸ್ ಸ್ಟಬ್ಲಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮತ ಎಣಿಕೆ ಶುರುವಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅಷ್ಟರಲ್ಲಿ ಮೂರು ಸಲ ಎದ್ದು ಹೋಗಿ ಬಂದಳು. ಚಹಾ ತಂದಳು, ಕುಡಿಯದೆ ಆರಲು ಬಿಟ್ಟಳು. ಕಾಗದ ಎಣಿಸಲು ಹೆಬ್ಬೆರಳಿಗೆ ಹಾಕುವ ರಬ್ಬರ್ ಟೊಪ್ಪಿಯನ್ನು ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು.

ನಮ್ಮ ಬಂದರು ಪಟ್ಟಣದಲ್ಲಿ ಮತ ಎಣಿಸಲು ಹಳೆಯ ಬ್ಯಾಂಕ್ ಕ್ಯಾಶಿಯರ್‌ಗಳನ್ನು ಕರೆಯುವುದು ವಾಡಿಕೆ. ನೋಟು ಎಣಿಸಿದ ಬೆರಳುಗಳು ಕಾಗದವನ್ನೂ ಬೇಗ ಎಣಿಸುತ್ತವೆ. ಗ್ಲೆನಿಸ್ ಮೂವತ್ತೊಂದು ವರ್ಷ ಕೂತಿದ್ದ ಬ್ಯಾಂಕಿನ ಜಾಗದಲ್ಲಿ ಈಗ ಎಲೆಕ್ಟ್ರಾನಿಕ್ ಸಿಗರೇಟಿನ ಅಂಗಡಿಯಿದೆ. ಕಾಲೇಜಿನಲ್ಲಿ ಇತಿಹಾಸ ಕಲಿಸಿದ ನನ್ನ ಕೈ ನಿಧಾನ. ವೇಳೆಗೆ ಸರಿಯಾಗಿ ಬರುತ್ತೇನೆಂಬ ಒಂದೇ ಕಾರಣಕ್ಕೆ ಹತ್ತೊಂಬತ್ತು ವರ್ಷಗಳಿಂದ ಅವಳ ಪಕ್ಕದಲ್ಲಿ ಕೂರಿಸುತ್ತಿದ್ದಾರೆ.

ಮುಂದೆ ಬರೆಯುವುದರಲ್ಲಿ ನಾನು ಯಾರ ಮತದ ಗುಟ್ಟನ್ನೂ ಒಡೆಯುತ್ತಿಲ್ಲ. ಗ್ಲೆನಿಸ್ ತಾನೇ ಇದನ್ನು ಆಮೇಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಾಳೆ.

ಯುರೋಪಿನ ಒಕ್ಕೂಟದಿಂದ ಹೊರಬರಬೇಕೆ ಎಂದು ದೇಶವನ್ನು ಕೇಳಿದಾಗ ಅವಳು ಹೊರಬರಬೇಕು ಎಂದು ಮತ ಹಾಕಿದ್ದಳು. ಯಾರ ಮೇಲಿನ ದ್ವೇಷಕ್ಕೂ ಅಲ್ಲ. "ನಲವತ್ತು ವರ್ಷದಲ್ಲಿ ನನ್ನನ್ನ ಯಾರಾದ್ರೂ ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲು ಕಣೇ" ಎಂದಿದ್ದಳು. ಆ ದಿನಗಳಲ್ಲಿ ರಾಜಕಾರಣಿಯೊಬ್ಬ ಮೀನುಗಾರರ ಹಳದಿ ಬೂಟು ಹಾಕಿಕೊಂಡು ಮೀನುಕಟ್ಟೆಗೆ ಬಂದ. ಗ್ಲೆನಿಸ್‌ಳ ತಮ್ಮ ಕ್ಲೈವ್‌ನ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಂಡ. ಎರಡು ವರ್ಷದಲ್ಲಿ ಹೊಸ ಶೀತಲಗೃಹ, ಐನೂರು ಜನಕ್ಕೆ ಕೆಲಸ ಎಂದ. ಬೂಟಿಗೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು, ಫೋಟೊದಲ್ಲೂ ಕಾಣುತ್ತದೆ.

ಶೀತಲಗೃಹ ಬರಲಿಲ್ಲ. ಕ್ಲೈವ್ ಕೆಲಸ ಮಾಡುತ್ತಿದ್ದ ಮೀನಿನ ಕಾರ್ಖಾನೆಯ ಲಾರಿಗಳು ಗಡಿಯ ಹೊಸ ಕಾಗದಪತ್ರಗಳಿಗಾಗಿ ಕಾದು ನಿಂತವು. ಕಡೆಗೆ ಒಂದು ಪಾಳಿಯನ್ನೇ ಮುಚ್ಚಿದರು, ಅವನದೇ ಪಾಳಿ. ಒಕ್ಕೂಟ ಬಿಟ್ಟದ್ದು ಸರಿ, ಬಿಟ್ಟ ರೀತಿ ಸರಿಯಿಲ್ಲ ಎಂದು ಒಂದು ಪಕ್ಷದವರು ಹೇಳುತ್ತ ಬಂದರು. ಇನ್ನೊಂದು ಪಕ್ಷದವನು ಮತ ಕೇಳಲು ಮನೆಬಾಗಿಲಿಗೆ ಬಂದಾಗ ಗ್ಲೆನಿಸ್ ತಮ್ಮನ ಕೆಲಸದ ಮಾತೆತ್ತಿದಳು. "ನೀವೇ ಕೇಳಿ ತಗೊಂಡಿದ್ದಲ್ವಾ?" ಎಂದು ಅವನು ನಕ್ಕ. ಅವಳು ಬಾಗಿಲು ಹಾಕಿಕೊಂಡಳು. ಈ ವರ್ಷ ನಗರಸಭೆ ಚುನಾವಣೆ ಬರುವ ಹೊತ್ತಿಗೆ ಯಾರ ಕರಪತ್ರದಲ್ಲೂ ಯುರೋಪ್ ಎಂಬ ಮಾತೇ ಇರಲಿಲ್ಲ. ಎಲ್ಲದರಲ್ಲೂ ರಸ್ತೆಗುಂಡಿಯ ಚಿತ್ರ.

"ಮತ ಹಾಕೋಕೆ ಹೋಗ್ಲೇಬೇಡ ಅಕ್ಕ. ನಾನಂತೂ ಹೋಗಲ್ಲ" ಎಂದ ಕ್ಲೈವ್.

"ನೀನು ಸೋಫಾ ಮೇಲೆ ಬಿದ್ಕೊಂಡಿದ್ರೆ ಮಳೆಗೆ ಹೆದರಿದ ಅಂತಾರೆ ಅಷ್ಟೇ. ತಿರಸ್ಕೃತ ಮತವನ್ನ ಎಣಿಸ್ತಾರೆ ಕಣೋ, ಇಷ್ಟು ಅಂತ ಮೈಕಲ್ಲಿ ಓದ್ತಾರೆ. ನನ್ನ 'ಬೇಡ' ಆ ಲೆಕ್ಕದಲ್ಲಿ ಇರಬೇಕು."

ಅವಳಿಗೆ ಬೇಕಿದ್ದದ್ದು ಅಷ್ಟೇ. ಗುರುವಾರ ಮತಗಟ್ಟೆಯಲ್ಲಿ ಮೋಟು ಪೆನ್ಸಿಲ್ ಹಿಡಿದು ನಾಲ್ಕು ಹೆಸರುಗಳ ಮುಂದೆ ಒಂದೊಂದಾಗಿ 'ಸುಳ್ಳ' ಎಂದು ಬರೆದಳು. ಐದನೆಯ ಹೆಸರು ಟ್ಯಾಮ್ಸಿನ್ ಕಟ್ಲಿಫ್, ಪಕ್ಷವಿಲ್ಲ. ಕರಪತ್ರವೂ ಬಂದಿರಲಿಲ್ಲ. ಮುಖವನ್ನೇ ನೋಡದವಳನ್ನು ಸುಳ್ಳಿ ಎನ್ನುವುದು ಹೇಗೆ? ಖಾಲಿ ಬಿಟ್ಟರೆ ಒರಟಾಗಿ ಕಾಣುತ್ತದೆ. ನಮ್ಮೂರಿನವರು ತಮ್ಮ ಕಾಲು ತುಳಿದವರಿಗೂ ತಾವೇ ಕ್ಷಮೆ ಕೇಳುವ ಜನ. ಅವಳು ಬರೆದಳು: 'ಕ್ಷಮಿಸಮ್ಮ, ನಿನ್ನ ಪರಿಚಯವಿಲ್ಲ. ಒಳ್ಳೆಯದಾಗಲಿ.'

ಮರುದಿನ ಆ ಕಾಗದ ನನ್ನ ಕೈಗೇ ಬಂತು. ಹತ್ತೊಂಬತ್ತು ವರ್ಷ ನೋಡಿದ ಕೈಬರಹ. ನಿಯಮದಂತೆ ಅದನ್ನು ಸಂಶಯದ ಮತಗಳ ಟ್ರೇಗೆ ಹಾಕಿದೆ. ಗ್ಲೆನಿಸ್ ನೋಡಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವಳ ಬೆರಳು ಸುಮ್ಮನಾಯಿತು.

ಸಂಶಯದ ಮತಗಳನ್ನು ಚುನಾವಣಾಧಿಕಾರಿ ನಮ್ಮ ಮೇಜಿನ ಪಕ್ಕದಲ್ಲೇ ನಿಂತು ಪಕ್ಷಗಳ ಏಜೆಂಟರಿಗೆ ಒಂದೊಂದಾಗಿ ತೋರಿಸಿದರು. ಏಜೆಂಟ್ ಇಲ್ಲದ ಕಟ್ಲಿಫ್ ತಾನೇ ಬಂದು ನಿಂತಿದ್ದಳು, ಮೂವತ್ತು ದಾಟದ ಹುಡುಗಿ. ಖಾಲಿ ಕಾಗದ ತಿರಸ್ಕೃತ. ಮೀನಿನ ಚಿತ್ರ ತಿರಸ್ಕೃತ. ಆಮೇಲೆ ಗ್ಲೆನಿಸ್‌ಳದು.

"ಎಲ್ಲರನ್ನೂ ಬೈದಿದ್ದಾರೆ. ತೆಗೀರಿ ಆಚೆ" ಎಂದ ಒಬ್ಬ ಏಜೆಂಟ್.

"ಎಲ್ಲರನ್ನೂ ಎಲ್ಲಿ? ನಮಗೆ ನಾಲ್ವರಿಗೆ ಬೈಗುಳ, ಈ ಹುಡುಗಿಗೆ ಆಶೀರ್ವಾದ" ಎಂದ ಇನ್ನೊಬ್ಬ.

"ಸುಳ್ಳ ಅಂದಿದ್ದನ್ನೂ ಲೆಕ್ಕಕ್ಕೆ ತಗೋಬೇಕಾ?"

"ತಗೊಂಡ್ರೆ ನಮ್ಮಲ್ಲಿ ಯಾರೂ ಉಳಿಯಲ್ಲ ಬಿಡಪ್ಪ."

ನಾಲ್ವರೂ ನಕ್ಕರು. ಅಧಿಕಾರಿ ನಗಲಿಲ್ಲ. "ಮತದಾರರ ಇಂಗಿತ ಸ್ಪಷ್ಟವಾಗಿದ್ರೆ ಗುರುತು ಹೇಗಿದ್ರೂ ಮತವೇ. ನಾಲ್ವರು ಬೇಡ, ಒಬ್ಬರಿಗೆ ಹಾರೈಕೆ. ಕಟ್ಲಿಫ್‌ಗೆ ಒಂದು."

ಗ್ಲೆನಿಸ್ ಎದ್ದೇಬಿಟ್ಟಳು. ನಾನು ಅವಳ ಸ್ವೆಟರ್ ಹಿಡಿದೆಳೆದೆ. ಗೋಪ್ಯತೆ ಕಾಪಾಡುತ್ತೇವೆಂದು ಬೆಳಿಗ್ಗೆ ತಾನೆ ಸಹಿ ಹಾಕಿದ್ದೆವು. ಬಾಯಿಬಿಟ್ಟರೆ ಅವಳಿಗೆ ಈ ಮೇಜು ಇನ್ನಿಲ್ಲ.

"ಕೂತ್ಕೋ."

"ಅದು ಮತ ಅಲ್ಲ ಕಣೇ. ಅದು ಬೇಡ ಅಂತ."

"ಗೊತ್ತು. ಕೂತ್ಕೋ."

ಕೂತಳು. ನಾನು ಎಳೆದದ್ದು ಸರಿಯೋ ತಪ್ಪೋ ಈಗಲೂ ತೀರ್ಮಾನವಾಗಿಲ್ಲ.

ಮಧ್ಯಾಹ್ನ ಫಲಿತಾಂಶ ಓದಿದರು. ಕಟ್ಲಿಫ್, ನಲವತ್ತೊಂದು. ತಿರಸ್ಕೃತ, ಹದಿನೇಳು. "ಹದಿನೆಂಟು" ಎಂದು ಗ್ಲೆನಿಸ್ ಗೊಣಗಿದಳು. ಗೆದ್ದವನು ಮೈಕ್ ಹಿಡಿದು ಜನರ ವಿಶ್ವಾಸಕ್ಕೆ ಕೃತಜ್ಞತೆ ಹೇಳಿದ.

ಹೊರಗೆ ಕಾರು ನಿಲ್ಲಿಸುವ ಬಯಲಿನಲ್ಲಿ ಕಟ್ಲಿಫ್ ಒಬ್ಬಳೇ ನಿಂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ನಮ್ಮನ್ನು ಕಂಡು ನಕ್ಕಳು. "ನಲವತ್ತು ಜನ ಯಾರ್ಯಾರು ಅಂತ ಹೇಳಬಲ್ಲೆ. ನಮ್ಮ ಬೀದಿಯವರು, ಜೊತೆಗೆ ಕೆಲಸ ಮಾಡೋರು. ಆ ಒಳ್ಳೆಯದಾಗಲಿ ಅಂತ ಬರೆದವರು ಮಾತ್ರ ಯಾರೋ. ಅವರನ್ನ ಒಂದು ಸಲ ನೋಡಬೇಕಿತ್ತು."

"ನೋಡಿ ಏನು ಮಾಡ್ತಿದ್ದೆ?" ಎಂದಳು ಗ್ಲೆನಿಸ್.

"ಥ್ಯಾಂಕ್ಸ್ ಹೇಳ್ತಿದ್ದೆ."

"ಅದನ್ನ ಒಳಗೆ ಗೆದ್ದವನೂ ಹೇಳಿದ."

ಹುಡುಗಿ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಹಾಗಾದ್ರೆ, ಉಳಿದ ನಾಲ್ವರ ಮೇಲೆ ಯಾಕೆ ಅಷ್ಟು ಸಿಟ್ಟು ಅಂತ ಕೇಳ್ತಿದ್ದೆ."

ಗ್ಲೆನಿಸ್ ಹೆಬ್ಬೆರಳಿನ ಟೊಪ್ಪಿಯನ್ನು ತೆಗೆದು ಚೀಲಕ್ಕೆ ಹಾಕಿದಳು. "ಥಾರ್ಸ್‌ಬಿ ಬೀದಿ, ಹದಿನಾಲ್ಕನೇ ಮನೆ. ಬಂದು ಕೇಳು. ಆದ್ರೆ ಬೂಟು ಗೀಟು ಹಾಕ್ಕೊಂಡು ಬಂದು ಸುಳ್ಳು ಹೇಳಿದ್ಯೋ, ಮುಂದಿನ ಸಲ ನಿನ್ನ ಹೆಸರಿನ ಮುಂದೂ ಬರೀತೀನಿ."

ಹುಡುಗಿಯ ಕೈಯಲ್ಲಿ ಸ್ಯಾಂಡ್‌ವಿಚ್ ಹಾಗೇ ಉಳಿಯಿತು. ಗ್ಲೆನಿಸ್ ಅಷ್ಟರಲ್ಲಿ ಬಯಲು ದಾಟಿದ್ದಳು. ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ನಾನು ನಿಲ್ದಾಣ ಸೇರಿದಾಗ ಬೆಂಚು ಖಾಲಿಯಿತ್ತು. ಅವಳು ಅದರ ಮುಂದೆ ಅತ್ತಿಂದಿತ್ತ ನಡೆಯುತ್ತಿದ್ದಳು.