ಕಾಲು ಕುಟ್ಟುವ ಸಂಜೀವಣ್ಣ

ನಮ್ಮ ಬಿಲ್ಡಿಂಗಿನ ಹಿಂದಕ್ಕೆ ಹೋಗುವ ಮುನ್ನ ಸಂಜೀವಣ್ಣ ಮೂಲೆಯಲ್ಲಿ ನಿಂತು ಬಲಗಾಲನ್ನು ನೆಲಕ್ಕೆ ಧಡ್ ಧಡ್ ಎಂದು ಕುಟ್ಟುತ್ತಿದ್ದರು. ಕುಟ್ಟಿ, ಸ್ವಲ್ಪ ಕಾದು, ಗಂಟಲು ಸರಿಮಾಡಿಕೊಂಡು, "ನಾನು ಬರ್ತಾ ಇದ್ದೇನೆ, ಆಯ್ತಾ" ಎಂದು ಯಾರಿಗೋ ಹೇಳಿ ಆಮೇಲೆ ಹೆಜ್ಜೆ ಇಡುತ್ತಿದ್ದರು. ಮುಂಬೈಯ ಮಲಾಡಿಗೆ ಬಂದ ಹೊಸತರಲ್ಲಿ ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡಿ, ಪಾಪ, ತಲೆಯ ಒಂದು ಸ್ಕ್ರೂ ಸಡಿಲವಾಗಿರಬೇಕು ಎಂದುಕೊಂಡಿದ್ದೆ.

ಉಡುಪಿ ಕಡೆಯವರು. ದಾದರಿನ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾಗಿ, ನಮ್ಮೆದುರಿನ ಗ್ರೌಂಡ್ ಫ್ಲೋರ್ ಮನೆಯಲ್ಲಿ ಒಬ್ಬರೇ ಇದ್ದರು. ಅವರಷ್ಟು ಚಿಂತೆ ಮಾಡುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಗಂಡ ಆಫೀಸಿಗೆ ಹೊರಟರೆ, "ಲೋಕಲ್‌ನಲ್ಲಿ ಬಾಗಿಲ ಹತ್ರ ನಿಲ್ಬೇಡಿ ಮಾರಾಯ್ರೆ" ಎನ್ನುವರು. ನಾನು ಬಟ್ಟೆ ಒಣಗಿಸಿದರೆ ಆಕಾಶ ನೋಡಿ ಲೊಚಗುಟ್ಟುವರು. "ನಂಗೆ ಇದೇ ಒಂದು ಮಂಡೆಬಿಸಿ" ಎನ್ನುವುದು ಅವರ ಪಲ್ಲವಿ. ದಿನಕ್ಕೊಂದು ಮಂಡೆಬಿಸಿ ಇರುತ್ತಿತ್ತು, ಎಲ್ಲವೂ ಬೇರೆಯವರದ್ದು.

ಒಂದು ಸಂಜೆ ನನ್ನ ಮಗಳು ನಿಧಿಯ ಚೆಂಡು ಹಿಂದಿನ ಜಾಗಕ್ಕೆ ಹಾರಿತು. ನಮ್ಮ ಕಾಂಪೌಂಡಿಗೂ ಅದರಾಚೆಯ ದೊಡ್ಡ ಮೋರಿಗೂ ನಡುವೆ ಉದ್ದನೆಯ ಒಂದು ತುಂಡು ನೆಲವಿತ್ತು. ಒಂದು ಅತ್ತಿಮರ, ಅದರ ಬುಡಕ್ಕೆ ಹುತ್ತ, ಸುತ್ತ ಕೆಸು, ಲಂಟಾನ, ಸೊಂಟದೆತ್ತರದ ಹುಲ್ಲು. ನಿಧಿ ಅತ್ತ ಓಡಿದ್ದೇ ತಡ, ಸಂಜೀವಣ್ಣ ಪಂಚೆ ಎತ್ತಿಕಟ್ಟಿ ಹಾರಿ ಬಂದು ಅವಳ ರಟ್ಟೆ ಹಿಡಿದರು. "ಸಾವು ಮಾರಾಯ್ತಿ! ಹೀಗಾ ನುಗ್ಗುವುದು ಇನ್ನೊಬ್ಬರ ಮನೆಗೆ?" ಎಂದು ಬೈದು, ಕಾಲು ಕುಟ್ಟಿ, ಹೂ ಕೀಳುವ ಉದ್ದ ಕೋಲಿನಿಂದ ಚೆಂಡನ್ನು ಎಳೆದುಕೊಟ್ಟರು.

"ಅಂಕಲ್, ಕಿಸ್‌ಕಾ ಘರ್?" ಎಂದಳು ನಿಧಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ.

"ನಾಗರಹಾವಿನದ್ದು."

ನನಗೆ ಎದೆ ಧಸಕ್ಕೆಂದಿತು. ಹಾವು ಎಂದರೆ ಸಾಕು, ಕೈಕಾಲು ತಣ್ಣಗಾಗುವವರ ಪೈಕಿ ನಾನು. "ಅಲ್ಲಾ ಸಂಜೀವಣ್ಣ, ಮಕ್ಕಳಿರೋ ಕಡೆ ಇದನ್ನ ಇಟ್ಕೊಂಡು ಕೂತಿದ್ದೀರಲ್ಲ! ಯಾರನ್ನಾದರೂ ಕರೆಸಿ ಹಿಡಿಸಬಾರದಾ?" ಎಂದು ಜಗಳಕ್ಕೇ ನಿಂತೆ.

"ನಾನೂ ಹೆದರುವವನೇ ಅಮ್ಮ," ಎಂದರು. "ನಿಮಗಿಂತ ಜಾಸ್ತಿ. ಹೆದರುವುದಕ್ಕೇ ಹೇಳುವುದು. ಅಲ್ಲಿ ಅದಕ್ಕೆ ಎಲ್ಲ ಉಂಟು. ಕಪ್ಪೆ ಉಂಟು, ಇಲಿ ಉಂಟು, ತಂಪು ಉಂಟು. ಅದರ ಮನೆ ಅದಕ್ಕೆ ಇದ್ದರೆ ನಮ್ಮ ಮನೆಗೆ ಎಂತಕ್ಕೆ ಬರ್ತದೆ? ಮನೆ ತೆಗೆದ ದಿವಸ ನೋಡಿ, ಸೀದಾ ನಿಮ್ಮ ಚಪ್ಪಲಿ ಸ್ಟ್ಯಾಂಡಿಗೇ."

ಆ ಮಾತು ಸಮಾಧಾನಕ್ಕಿಂತ ಭಯವನ್ನೇ ಹೆಚ್ಚಿಸಿತು. ಆದರೂ ಅಂದಿನಿಂದ ನಾನೂ ನಿಧಿಯೂ ಮೂಲೆಗೆ ಬಂದಾಗ ಕಾಲು ಕುಟ್ಟತೊಡಗಿದೆವು. ಮಳೆಗಾಲದಲ್ಲಿ ಅಲ್ಲಿಂದ ಕಪ್ಪೆಗಳ ಗಲಾಟೆ ಕೇಳುತ್ತಿತ್ತು. ಕೆಂಬೂತವೊಂದು ಬೆಳಿಗ್ಗೆ ಹುಲ್ಲಿನೊಳಗೆ ಗತ್ತಿನಲ್ಲಿ ಓಡಾಡುತ್ತಿತ್ತು. ಹಾವನ್ನು ನಾನು ಒಮ್ಮೆ ಮಾತ್ರ ಕಂಡೆ, ಹುತ್ತದ ಬಾಯಲ್ಲಿ ಬಾಲದ ತುದಿಯಷ್ಟೇ. ಅಂದು ನನಗೆ ಊಟ ಸೇರಲಿಲ್ಲ.

ಹೀಗಿರುವಾಗ ಸೊಸೈಟಿ ಮೀಟಿಂಗಿನಲ್ಲಿ ಆ ಜಾಗವನ್ನು ಪಾರ್ಕಿಂಗ್ ಮಾಡುವ ಮಾತು ಬಂತು. ಸಂಜೀವಣ್ಣ ಎದ್ದುನಿಂತು, ಬೇಡ ಎನ್ನಲು ತಡವರಿಸಿದರು. ಸೆಕ್ರೆಟರಿ ನಕ್ಕು, "ಅಣ್ಣಾ, ಜಂಗಲ್ ಪಾಹಿಜೆ ತರ್ ನ್ಯಾಷನಲ್ ಪಾರ್ಕಲಾ ಜಾ ನಾ," ಕಾಡು ಬೇಕಿದ್ದರೆ ನ್ಯಾಷನಲ್ ಪಾರ್ಕಿಗೆ ಹೋಗಿ ಎಂದ. ಎಲ್ಲರೂ ನಕ್ಕರು. ಸಂಜೀವಣ್ಣನ ಮುಖ ಸಪ್ಪಗಾಯಿತು. ಅವರು ಮಾರನೆಯ ಬೆಳಿಗ್ಗೆ ದಾದರಿನ ಹೂವಿನ ಮಾರ್ಕೆಟ್ಟಿಗೆ ಹೋಗಿ ನಾಗಪೂಜೆಗೆಂದು ಅಡಿಕೆ ಹಿಂಗಾರದ ಗೊನೆ ಹಿಡಿದು ಬಂದರು. ಎಲ್ಲಿಂದಲೋ ಒಂದು ಕಲ್ಲು ತಂದು ಅತ್ತಿಮರದ ಬುಡದಲ್ಲಿಟ್ಟು, ಅರಿಸಿನ ಬಳಿದು, ಎಳನೀರೆರೆದರು. "ಇದು ನಾಗನ ಜಾಗ" ಎಂದು ಕಂಡಕಂಡವರಿಗೆಲ್ಲ ಹೇಳಿದರು.

ಸೆಕ್ರೆಟರಿಯೇ ಚಪ್ಪಲಿ ಕಳಚಿ ಕೈಮುಗಿದ. ಪಾರ್ಕಿಂಗಿನ ಮಾತು ಅಲ್ಲಿಗೇ ನಿಂತಿತು.

"ನಮ್ಮಲ್ಲಿ ನಾಗಬನ ಅಂದ್ರೆ ಮತ್ತೆ ಕತ್ತಿ ಹಾಕ್ಲಿಕ್ಕಿಲ್ಲ. ಒಂದು ಎಲೆ ಕೀಳ್ಲಿಕ್ಕಿಲ್ಲ," ಎಂದು ಅಂದು ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಹೇಳಿದರು. "ಕಲ್ಲು ಸುಮ್ಮನೆ ನೆಪ. ಪೊದೆ ಉಳೀಬೇಕು ನೋಡಿ." ಅವರು ಅಷ್ಟು ಹಗುರವಾಗಿ ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೆಲವೇ ವಾರಗಳಲ್ಲಿ ಜನ ಬರತೊಡಗಿದರು. ಮೊದಲು ನಮ್ಮ ಬಿಲ್ಡಿಂಗಿನವರು, ಆಮೇಲೆ ಪಕ್ಕದವರು. ಲೋಟ ಲೋಟ ಹಾಲು ಹುತ್ತದ ಬಾಯಿಗೇ ಸುರಿದರು. ಸಂಜೀವಣ್ಣ ಪಕ್ಕದಲ್ಲಿ ನಿಂತು, "ಹಾಲು ಬೇಡ ಮಾರಾಯ್ರೆ, ಅದು ಹಾಲು ಕುಡಿಯುವುದಿಲ್ಲ, ಮನೆ ಕುಸೀತದೆ" ಎಂದು ಕನ್ನಡ, ಹಿಂದಿ, ಮರಾಠಿ ಎಲ್ಲದರಲ್ಲೂ ಗೋಗರೆದರು. ಜನ ಅವರ ಕಾಲಿಗೂ ಬಿದ್ದು ಹೋದರು! ಹೆಂಗಸರ ಸೀರೆಗೆ ಮುಳ್ಳು ತಾಗುತ್ತದೆಂದು ಲಂಟಾನ ಕಡಿದರು. ಕೆಸರಾಗುತ್ತದೆಂದು ಹುಲ್ಲು ಸವರಿದರು. ಹಾಲಿಗೆ ನೆನೆದು ಹುತ್ತ ಕುಸಿಯಿತು. ಯಾರದೋ ಹರಕೆ ತೀರಿತೆಂದು ಮರದ ಬುಡದವರೆಗೂ ಟೈಲ್ಸ್ ಬಂತು, ಗ್ರಿಲ್ ಬಂತು, ಟ್ಯೂಬ್‌ಲೈಟ್ ಬಂತು. ಪೂಜೆಗೆ ಎಲ್ಲರೂ ಸಂಜೀವಣ್ಣನನ್ನೇ ಮುಂದೆ ನಿಲ್ಲಿಸಿದರು. ಆರತಿ ಹಿಡಿದು ನಿಂತ ಅವರ ಕಣ್ಣು ಮಾತ್ರ ಹುತ್ತ ಇದ್ದ ಜಾಗದ ಮೇಲೆಯೇ ಇರುತ್ತಿತ್ತು. ಆ ಮಳೆಗಾಲದಲ್ಲಿ ಕಪ್ಪೆ ಕೂಗಲಿಲ್ಲ.

"ನಮ್ಮ ಕಡೆ ದೇವರಿದ್ದಾರೆ ಅಂದ್ರೆ ಜನ ದೂರ ನಿಲ್ತಾರೆ ಅಂತ ನಾನು ಎಣಿಸಿದ್ದು," ಎಂದರು ಒಂದು ದಿನ. "ಇಲ್ಲಿ ಹತ್ತಿರ ಬರ್ತಾರೆ. ಈಗ ಊರಲ್ಲೂ ಹಾಗೇ ಅಂತೆ, ಬನಕ್ಕೆಲ್ಲ ಸಿಮೆಂಟ್. ನಂಗೆ ಇದೇ ಒಂದು ಮಂಡೆಬಿಸಿ ಅಮ್ಮ. ಅದು ಈಗ ಎಲ್ಲುಂಟು?"

ಆ ಪ್ರಶ್ನೆ ನನ್ನ ಮನೆಯೊಳಕ್ಕೂ ಬಂತು. ಬಚ್ಚಲಿನ ಬಾಗಿಲು ತೆರೆಯುವಾಗ, ನಿಧಿಯ ಹಾಸಿಗೆ ಕೊಡವುವಾಗ, ವಾಷಿಂಗ್ ಮೆಷಿನ್ನಿನ ಹಿಂದೆ ಕಸ ಗುಡಿಸುವಾಗ ಅದೇ ಯೋಚನೆ. ಅದರ ಮನೆ ಎಲ್ಲಿದೆಯೆಂದು ಗೊತ್ತಿದ್ದಾಗಲೇ ನಾವು ನೆಮ್ಮದಿಯಾಗಿದ್ದೆವು.

ಅವರು ಹೇಳಿದಂತೆಯೇ ಆಯಿತು. ಒಂದು ಮಧ್ಯಾಹ್ನ ನಿಧಿ ಸ್ಕೂಲಿನಿಂದ ಬಂದು ಶೂ ಬಿಚ್ಚಲು ಬಗ್ಗಿದವಳು ಹಾಗೇ ನಿಂತಳು. ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಅದು ಸುರುಳಿ ಸುತ್ತಿ ಹೆಡೆ ಎತ್ತಿತ್ತು. ಎದುರಿನ ತಮ್ಮ ಬಾಗಿಲಿಂದ ಅದನ್ನು ಕಂಡ ಸಂಜೀವಣ್ಣ ಬಂದು, "ಅಲುಗಬೇಡ ಮಗಾ, ಹಿಂದೆ ಬಾ, ನಿಧಾನ" ಎನ್ನುತ್ತಾ ಅವಳನ್ನು ತಮ್ಮ ಬೆನ್ನ ಹಿಂದಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ವಾಚ್‌ಮನ್ ಕೋಲು ತಂದ. ಹಿಂದಿನ ವಾರ ಹಾಲೆರೆದವರೇ "ಮಾರೋ, ಮಾರೋ" ಎಂದು ಕೂಗಿದರು.

ಸಂಜೀವಣ್ಣ ಎರಡೂ ಕೈ ಅಗಲಿಸಿ ಅಡ್ಡ ನಿಂತರು. "ಹೊಡೀಬೇಡಿ! ಅದರ ಮನೆ ತೆಗೆದದ್ದು ನಾನು. ಹೊಡೆಯುವುದಿದ್ರೆ ನಂಗೆ ಹೊಡೀರಿ!" ಎಂದು ಕೂಗಿದರು. ಕನ್ನಡ ಬಾರದವರೂ ಹಿಂದೆ ಸರಿದರು. ಹಾವು ಹಿಡಿಯುವ ಹುಡುಗಿ ಬೈಕಿನಲ್ಲಿ ಬರುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ನನ್ನ ಮಗಳನ್ನು ಅಂದು ಉಳಿಸಿದವರು ಅವರು. ಹಾವನ್ನೂ.

ಆಕೆ ಅದನ್ನು ಚೀಲಕ್ಕೆ ತುಂಬಿ, ಅರಣ್ಯ ಇಲಾಖೆಗೆ ತಿಳಿಸಿ ಕಾಡಿಗೆ ಬಿಡುವುದಾಗಿ ಹೇಳಿದಳು. ಸಂಜೀವಣ್ಣ ಬೈಕಿನ ಹಿಂದೆಯೇ ಗೇಟಿನವರೆಗೆ ಓಡಿದರು. "ವಹಾಂ ಉಸ್‌ಕೋ ರಾಸ್ತಾ ಮಾಲೂಮ್ ಹೈ ಕ್ಯಾ?" ಎಂದು, ಅಲ್ಲಿ ಅದಕ್ಕೆ ದಾರಿ ಗೊತ್ತಿದೆಯಾ ಎಂದು ಕೇಳಿದರು. ಆ ಹುಡುಗಿ "ದೇಖೇಂಗೆ, ಕಾಕಾ," ನೋಡೋಣ ಎಂದು ಹೊರಟುಹೋದಳು.

ಆಮೇಲೆ ಅವರಿಗೆ ಆರೋಗ್ಯ ಕೈಕೊಟ್ಟಿತು. ಪವಾಯಿಯಲ್ಲಿದ್ದ ಅವರ ಮಗ ತನ್ನ ಫ್ಲಾಟಿಗೆ ಕರೆದೊಯ್ದ. ನೋಡಲು ಹೋದಾಗ ಎತ್ತರದ ಬಾಲ್ಕನಿಯಲ್ಲಿ ಕೂತಿದ್ದರು. ಕೆಳಗೆ ಕೆರೆ ಹೊಳೆಯುತ್ತಿತ್ತು. ಕುಶಲ ಕೇಳುವುದಕ್ಕೂ ಬಿಡದೆ ನನ್ನ ಕೈ ಹಿಡಿದು, "ಅದು ವಾಪಸ್ ಬಂದ್ರೆ ಎಂತ ಮಾಡುವುದು ಅಮ್ಮ? ಜಾಗ ಹುಡುಕಿಕೊಂಡು ಬಂದು, ಟೈಲ್ಸ್‌ಗೆ ತಲೆ ಬಡ್ಕೊಂಡ್ರೆ?" ಎಂದರು. ಅಷ್ಟು ದೂರದಿಂದ ಹಾವು ಬರುವುದಿಲ್ಲ ಎಂದೆ. "ಬರುವುದಿಲ್ಲ ಅಂತ ಹೇಳ್ಲಿಕ್ಕಾಗ್ತದಾ? ಮರದ ಹಿಂದಿನ ಒಂದು ಟೈಲ್ ತೆಗ್ಸಿ. ಒಂದೇ ಸಾಕು."

ನಾನು ತೆಗೆಸಿದೆ. ಸೆಕ್ರೆಟರಿಗೆ ಅತ್ತಿಮರದ ಬೇರಿಗೆ ನೀರು ಬೇಕೆಂದು ಹೇಳಿದೆ, ಅದೇನೂ ಸುಳ್ಳಲ್ಲ. ಅಲ್ಲೇ ನಿಂತು ಸಂಜೀವಣ್ಣನಿಗೆ ಫೋನ್ ಮಾಡಿದೆ.

"ಮಣ್ಣು ಕಾಣ್ತದಾ?" ಎಂದರು. ಸ್ವರ ಸೋತಿತ್ತು.

"ಕಾಣ್ತಿದೆ ಸಂಜೀವಣ್ಣ."

"ಒದ್ದೆ ಉಂಟಾ?"

ಬಗ್ಗಿ ಮುಟ್ಟಿ ನೋಡಿ, "ಇದೆ" ಎಂದೆ.

"ಹಾಗಾದ್ರೆ ಆಯ್ತು," ಎಂದರು. ನಾವು ಆಡಿದ ಕೊನೆಯ ಮಾತು ಅದು. ಮಳೆ ಶುರುವಾಗುವ ಮುಂಚೆ ಅವರು ಹೋದರು.

ಮೊನ್ನೆ ನಿಧಿ ನನ್ನನ್ನು ಮರದ ಹಿಂದಕ್ಕೆ ಕರೆದಳು. ಟೈಲ್ ತೆಗೆದ ಕಿಂಡಿಯಲ್ಲಿ ಕೆಸುವಿನ ಎಲೆಯೊಂದು ಬಿಚ್ಚಿಕೊಂಡಿತ್ತು. ಅದರ ಪಕ್ಕದಲ್ಲಿ ಗೆದ್ದಲು ಮುಷ್ಟಿಯಷ್ಟು ಹಸಿ ಮಣ್ಣು ಮೇಲೆ ತಂದಿತ್ತು. "ಅಮ್ಮಾ," ಎಂದಳು ನಿಧಿ, ಒಂದೊಂದೇ ಪದ ಹುಡುಕಿ, ಕನ್ನಡದಲ್ಲೇ, "ಅದರ ಮನೆ... ಬರ್ತಾ ಇದೆ."

ನನ್ನ ಎದೆ ಹಿಂದಿನ ಹಾಗೇ ಧಸಕ್ಕೆಂದಿತು. ಅವಳ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡೆ. ಆಮೇಲೆ ಇಬ್ಬರೂ ಕಾಲು ಕುಟ್ಟಿದೆವು.