ಕೆಳಗಿನ ಮೂರು ಸಾಲು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಮನೆ ಸೊರಬದಲ್ಲಿ, ಕೆಲಸ ಶಿಕಾರಿಪುರದ ತಾಲ್ಲೂಕು ಕಚೇರಿ ಎದುರಿನ ಸಣ್ಣ ಅಂಗಡಿಯಲ್ಲಿ. ಕ್ರಯ, ಪಾಲು, ಒಪ್ಪಂದ, ಯಾವ ಪತ್ರ ಬೇಕಾದರೂ ಬರೆದು ಟೈಪು ಮಾಡಿ ಕೊಡುತ್ತೇನೆ. ಬಸ್ಸಿನಲ್ಲಿ ಪಕ್ಕದವರ ಕೈಯಲ್ಲಿ ಕಾಗದ ಕಂಡರೆ ಸಾಕು, ಇಣುಕಿ ತಪ್ಪು ಹುಡುಕುತ್ತೇನೆ. ಎಷ್ಟೋ ಜನ ಮುಖ ಸಿಂಡರಿಸಿ ಕಾಗದ ಮಡಚಿಕೊಂಡಿದ್ದಾರೆ.

ಈ ಚಟ ಹತ್ತಿಸಿದವರು ನನಗೆ ಕೆಲಸ ಕಲಿಸಿದ ಮೇಷ್ಟ್ರು. ಹಳೇ ಕಾಲದ ಪತ್ರ ಬರಹಗಾರರು, ಈಗಿಲ್ಲ. ಅವರ ಪ್ರಪಂಚವೆಲ್ಲ ಲೀಗಲ್ ಸೈಜ್ ಹಾಳೆಯಲ್ಲಿತ್ತು. ಒಂದೂವರೆ ಗೇಣು ಉದ್ದದ ಹಾಳೆ, ಎರಡು ಮಡಿಕೆ ಮಡಚಿದರೂ ಅಂಗಿಯ ಜೇಬಿನಿಂದ ತಲೆ ಹೊರಗೆ ಹಾಕುತ್ತಿತ್ತು. ಬರೆದು ಮುಗಿದ ಮೇಲೆ ಅವರು ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಓದು ಬಾರದವರಿಗೆ ನಮ್ಮ ಬಾಯೇ ಪತ್ರ ಎನ್ನುತ್ತಿದ್ದರು. ಅವಸರದ ಹುಡುಗಿಯಾಗಿದ್ದ ನಾನು ಗೋಡೆಗೆ ಒರಗಿ, ಇದು ಯಾವಾಗ ಮುಗಿಯುತ್ತದೋ ಎಂದು ಕಾಲು ಅಲ್ಲಾಡಿಸುತ್ತಿದ್ದೆ.

ಈಗ ಎಲ್ಲ ಕಡೆ ಎ-ಫೋರ್ ಹಾಳೆ. ಲೀಗಲ್ ಹಾಳೆಯ ಕಟ್ಟು ಕೇಳಿದರೆ ಅಂಗಡಿಯವರು ನಾನೇನೋ ತಾಳೆಗರಿ ಕೇಳಿದ ಹಾಗೆ ನೋಡುತ್ತಾರೆ. ಒಂದು ದಿನ ನನ್ನಲ್ಲಿದ್ದ ಕೊನೆಯ ಕಟ್ಟೂ ಮುಗಿಯಿತು. ಪ್ರಿಂಟರಿಗೆ ಎ-ಫೋರ್ ತುಂಬಿದೆ. ಕಂಪ್ಯೂಟರಿನಲ್ಲಿ ಲೀಗಲ್ ಎಂದೇ ಇದ್ದ ಹಾಳೆಯ ಅಳತೆ ಬದಲಿಸಲಿಲ್ಲ. ಆಗ ಅದು ನನಗೆ ಹೊಳೆಯಲೇ ಇಲ್ಲ.

ಆ ವಾರ ತೊಗರ್ಸಿ ಕಡೆಯ ಒಬ್ಬ ಅಣ್ಣ, ಗಂಡನನ್ನು ಕಳೆದುಕೊಂಡ ಅವನ ತಂಗಿ ಪಾಲುಪತ್ರಕ್ಕೆ ಬಂದಿದ್ದರು. ಅಣ್ಣನ ಹೆಂಡತಿಯೂ ಜೊತೆಗಿದ್ದಳು. ತಂಗಿಯದು ಕುರಿ ಸಾಕಣೆ. ಅವಳ ಪಾಲಿಗೆ ಬಂದದ್ದು ಹಿಂದುಗಡೆಯ ಹೊಲ, ಅದರಲ್ಲೇ ಕುರಿ ದೊಡ್ಡಿ. ಕುರಿಗಳನ್ನು ಕೆರೆಗೆ ಹೊಡೆದುಕೊಂಡು ಹೋಗಬೇಕೆಂದರೆ ಅಣ್ಣನ ಹೊಲ ದಾಟಲೇಬೇಕು. ಬದುವಿನ ಪಕ್ಕ ದಾರಿ ಬಿಡಬೇಕು, ಅದು ಕಾಯಂ ಇರಬೇಕು ಎಂದು ಆಕೆ ಒಂದೇ ಮಾತು ಹಿಡಿದಿದ್ದಳು. ಅಣ್ಣ ಒಪ್ಪಿದ. ನಾನು ಬರೆದೆ. ಎಲ್ಲವನ್ನೂ ಓದಿಯೂ ಹೇಳಿದೆ, ಆದರೆ ಕಂಪ್ಯೂಟರ್ ಪರದೆ ನೋಡಿಕೊಂಡು. ಆಕೆ ಕಣ್ಣು ಮುಚ್ಚಿ ಕೇಳಿದಳು, ದಾರಿಯ ಮಾತು ಬಂದಾಗ ತಲೆಯಾಡಿಸಿದಳು, ಹೆಬ್ಬೆಟ್ಟು ಒತ್ತಿದಳು. ರಿಜಿಸ್ಟರ್ ಆಯಿತು.

ಹದಿನೈದು ದಿನದ ಮೇಲೆ ಸೊರಬದ ವಕೀಲರೊಬ್ಬರ ಗುಮಾಸ್ತ ನಾನು ಮಾಡಿಕೊಟ್ಟ ಬೇರೊಂದು ಕಾಗದ ತಂದು ಮೇಜಿನ ಮೇಲೆ ಒಗೆದ. ಹಾಳೆಯ ಕೆಳಗೆ ಅಂಚೇ ಇಲ್ಲ, ಮಾತು ಅರ್ಧಕ್ಕೆ ನಿಂತಿದೆ, ಉಳಿದದ್ದನ್ನು ನಿಮ್ಮ ಪ್ರಿಂಟರ್ ತಿಂದಿತೇ ಎಂದು ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಅವನು ಹೋದದ್ದೇ ತಡ, ಆ ದಿನಗಳ ನಕಲುಗಳನ್ನೆಲ್ಲ ನೆಲಕ್ಕೆ ಹರಡಿದೆ. ಪಾಲುಪತ್ರದ ಮೊದಲ ಹಾಳೆಯಲ್ಲಿ ಬರಹ ಕಡಿಮೆ, ಅದು ಸರಿಯಿತ್ತು, ಕೊನೆಯದೂ ಹಾಗೆಯೇ. ನಡುವಿನ ತುಂಬು ಹಾಳೆಯಲ್ಲಿ ಕೆಳಗಿನ ಮೂರು ಸಾಲು ಇರಲಿಲ್ಲ. ಆ ಮೂರು ಸಾಲೇ ದಾರಿಯದು.

ಅಂದು ರಾತ್ರಿ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೊದಲು ಪ್ರಿಂಟರನ್ನು ಬೈದೆ, ಆಮೇಲೆ ಎ-ಫೋರ್ ಕಂಡುಹಿಡಿದವನನ್ನು ಬೈದೆ. ಬೈಗುಳ ಮುಗಿದ ಮೇಲೆ ಉಳಿದವಳು ನಾನೊಬ್ಬಳೇ. ಯಾರಿಗೂ ಗೊತ್ತಿಲ್ಲ, ಸುಮ್ಮನಿದ್ದುಬಿಡು ಎಂದು ಒಳಗೊಂದು ದನಿ ಹೇಳಿದ್ದೂ ನಿಜ. ಬೆಳಗ್ಗೆ ಅಂಗಡಿ ತೆಗೆಯದೆ ತೊಗರ್ಸಿಯ ಬಸ್ಸು ಹತ್ತಿದೆ.

ಮೊದಲು ಅಣ್ಣನ ಮನೆಗೇ ಹೋದೆ. ತಂಗಿಯನ್ನೂ ಅಲ್ಲಿಗೇ ಕರೆಸಿದರು. ನಕಲನ್ನು ಮುಂದಿಟ್ಟು, ತಪ್ಪು ನನ್ನದು, ಖರ್ಚೂ ನನ್ನದೇ, ತಿದ್ದುಪಡಿ ಪತ್ರಕ್ಕೆ ಇಬ್ಬರೂ ಬರಬೇಕು ಎಂದು ಕೇಳಿಕೊಂಡೆ. ಅಣ್ಣ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ರಿಜಿಸ್ಟ್ರಿ ಆಗಿ ಹೋಗೈತಲ್ರೀ. ಕುರಿ ಹೊಡ್ಕೊಂಡು ಹೋಗಬ್ಯಾಡ ಅಂತ ನಾನೇನು ಅಂದಿಲ್ಲ. ಮತ್ತೆ ಕಾಗದ ಯಾಕೆ?" ಎಂದ.

ಕೋಪ ನೆತ್ತಿಗೇರಿತು. ಇಂದು ಇವನು ಬಿಡುತ್ತಾನೆ, ನಾಳೆ ಹೊಲ ಮಾರಿದರೆ ಕೊಂಡವನು ಬಿಡುತ್ತಾನೆಯೇ? ಅದನ್ನೇ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಅವತ್ತು ಓದಿದ್ದು ನಾನೂ ಕೇಳೀನಿ. ದಾರಿ ಐತೆ ಅಂತನೇ ಓದಿದ್ರು. ಕೇಳಿ ಒಪ್ಕೊಂಡ ಮೇಲೆ ಮುಗೀತು, ಹೋಗಿ ರುಜು ಹಾಕಿ ಬರ್ರಿ."

ಅವನು ಹಾಳೆ ಮಡಚಿ ನನ್ನ ಕೈಗಿಟ್ಟ. ಕೊನೆಗೆ ಸೋಮವಾರ ಬರುತ್ತೇನೆ ಎಂದ. ಆ ಸೋಮವಾರ ಬೆಳಗ್ಗಿನಿಂದ ನಾನು ಪ್ರತಿ ಬಸ್ಸಿಗೂ ಅಂಗಡಿಯ ಮೆಟ್ಟಿಲಿಗೆ ಬಂದು ಇಣುಕಿದೆ.

ಬಂದರು. ತಿದ್ದುಪಡಿ ಪತ್ರ ಸಿದ್ಧವಾಗಿತ್ತು. ಈ ಸಲ ಪರದೆ ಆರಿಸಿ, ಮೇಷ್ಟ್ರ ಹಾಗೆ ಹಾಳೆಯ ಮೇಲೆ ಬೆರಳಿಟ್ಟು ಓದಿದೆ. ದಾರಿಯ ಸಾಲನ್ನು ಎರಡು ಸಲ ಓದಿದೆ. ತಂಗಿ ಕಣ್ಣು ಮುಚ್ಚಲಿಲ್ಲ, ತಲೆಯಾಡಿಸಲೂ ಇಲ್ಲ. ನಾನು ಇಂಕ್ ಪ್ಯಾಡ್ ಮುಂದೆ ತಳ್ಳಿದಾಗ ಕೈ ಹಿಂದಕ್ಕೆ ಎಳೆದುಕೊಂಡಳು.

"ಹೋದ ಸಲಾನೂ ಇದನ್ನೇ ಓದಿದ್ರಲ್ರೀ ಅಕ್ಕಾರೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಪತ್ರ ಎತ್ತಿಕೊಂಡು ರಸ್ತೆ ದಾಟಿದಳು. ಕಚೇರಿಯ ಹೊರಗೆ ಪಹಣಿಗಾಗಿ ಸಾಲು ನಿಂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ, ಕನ್ನಡಕ ಹಾಕಿದ್ದ ಒಬ್ಬ ಹೆಂಗಸಿನ ಕೈಗೆ ಅದನ್ನು ಕೊಟ್ಟಳು. ಗುರುತು ಪರಿಚಯ ಇಲ್ಲದ ಹೆಂಗಸು. ಅವಳು ಓದುತ್ತಿದ್ದಷ್ಟು ಹೊತ್ತೂ ನಾನು ಅಂಗಡಿಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಇಷ್ಟು ವರ್ಷದಲ್ಲಿ ನಾನು ಓದಿದ್ದನ್ನು ಇನ್ನೊಬ್ಬರ ಹತ್ತಿರ ಯಾರೂ ಓದಿಸಿರಲಿಲ್ಲ. ಅವಮಾನವಾಯಿತು. ತಂಗಿ ಮಾಡುತ್ತಿರುವುದೇ ಸರಿ ಎನಿಸಿ ಅದು ಇನ್ನಷ್ಟು ಚುಚ್ಚಿತು.

ಆಕೆ ವಾಪಸು ಬಂದಳು. ಪತ್ರವನ್ನು ಮೇಜಿನ ಮೇಲಿಟ್ಟು, ಹೆಬ್ಬೆರಳನ್ನು ಇಂಕಿಗೆ ಅದ್ದಿ ಒತ್ತಿದಳು. ನನ್ನ ಕಡೆ ತಿರುಗದೆ, ಅಣ್ಣನಿಗೆ ಹೇಳಿದಳು.

"ಐತಂತೆ."